ಸಮುದ್ರವನ್ನೇ ಕಾಣದ ಓದುಗರನ್ನೂ ಹಾಯಿಹಡಗಿನ ಕಥೆಗಳು ಹಿಡಿದಿಡುವುದೇಕೆ?

ಪ್ರಶ್ನೆ: ಬಯಲುಸೀಮೆಯ ಓದುಗ

ಮಾನ್ಯರೇ,

ನಾನು ಚಿತ್ರದುರ್ಗ ಜಿಲ್ಲೆಯವನು. ನಮ್ಮ ಕಡೆ ಸಾಗರವೆಂಬ ಹೆಸರು ಇರುವುದು ವೇದಾವತಿಗೆ ಕಟ್ಟಿದ ಅಣೆಕಟ್ಟಿಗೆ. ನಿಜವಾದ ಸಮುದ್ರವನ್ನು ನಾನು ಕಂಡದ್ದು ಕೆಲಸಕ್ಕೆ ಸೇರಿದ ಮೇಲೆಯೇ. ಹೀಗಿದ್ದರೂ ಕೆಲವು ವರ್ಷಗಳಿಂದ ನನ್ನ ಓದಿನ ಬಹುಪಾಲನ್ನು ಹಾಯಿಹಡಗಿನ ಕಥೆಗಳೇ ಆಕ್ರಮಿಸಿಕೊಂಡಿವೆ. ಹೋಮರನ ಮಹಾಕಾವ್ಯದಲ್ಲಿ ಒಡಿಸ್ಸಿಯಸ್‌ಗೆ ಟೈರೀಸಿಯಸ್ ಒಂದು ಭವಿಷ್ಯವನ್ನು ನುಡಿಯುತ್ತಾನೆ: ಹೆಗಲ ಮೇಲೆ ದೋಣಿಯ ಹುಟ್ಟನ್ನು ಹೊತ್ತು ಒಳನಾಡಿಗೆ ನಡೆಯುತ್ತ ಹೋಗಬೇಕು, ಎದುರಾದ ದಾರಿಹೋಕನೊಬ್ಬ ಅದನ್ನು ಧಾನ್ಯ ತೂರುವ ಸಾಧನವೆಂದು ತಿಳಿಯುವಷ್ಟು ದೂರ ಹೋದಾಗ ಅಲ್ಲಿ ಅದನ್ನು ನೆಟ್ಟು ಸಮುದ್ರದೇವತೆಗೆ ಬಲಿ ಕೊಡಬೇಕು. ಆ ದಾರಿಹೋಕನ ಊರು ನಮ್ಮದರಂಥದ್ದೇ ಇದ್ದೀತು. ಅಂಥ ಊರಿನವನನ್ನೂ ಈ ಕಥೆಗಳು ಬಿಡದಿರುವುದಕ್ಕೆ ಕಾರಣವೇನೆಂಬುದು ನನ್ನ ಪ್ರಶ್ನೆ.

ಸಾಹಸವೇ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಆ ಉತ್ತರ ಸಾಲದು. ಮೆಲ್ವಿಲ್‌ನ ‘ಮೋಬಿ ಡಿಕ್’ ಕಾದಂಬರಿಯಲ್ಲಿ 135 ಅಧ್ಯಾಯಗಳಿವೆ. ಇಡೀ ಹಡಗು ಹುಡುಕುತ್ತಿರುವ ಆ ಬಿಳಿಯ ತಿಮಿಂಗಿಲ ಎದುರಿಗೆ ಬರುವುದು ಕೊನೆಯ ಮೂರು ಅಧ್ಯಾಯಗಳಲ್ಲಿ. ಜೋಸೆಫ್ ಕಾನ್ರಾಡ್‌ನ ‘ದಿ ಶ್ಯಾಡೋ ಲೈನ್’ ಕೃತಿಯಲ್ಲಂತೂ ಹಡಗು ಬಹುಕಾಲ ಚಲಿಸುವುದೇ ಇಲ್ಲ. ಸಾಹಸವನ್ನು ಅರಸಿ ಬಂದವನು ಇಂಥ ಪುಸ್ತಕಗಳನ್ನು ನಡುವೆಯೇ ಮುಚ್ಚಿಡಬೇಕಾಗಿತ್ತು. ಹಾಯಿಯನ್ನು ನಂಬಿ ನಡೆಯುತ್ತಿದ್ದ ವ್ಯಾಪಾರ ಬಹುಮಟ್ಟಿಗೆ ಮುಗಿದು ನೂರು ವರ್ಷಗಳೇ ಕಳೆದಿದ್ದರೂ ಓದುಗರು ಇವುಗಳನ್ನು ಇನ್ನೂ ಓದುತ್ತಿದ್ದಾರೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆಯೂ ಇದೆ. ಕಾರವಾರದಿಂದ ಮಂಗಳೂರಿನವರೆಗೆ ಸುಮಾರು 300 ಕಿಲೋಮೀಟರಿನ ಕರಾವಳಿ ನಮಗಿದೆ. ಆದರೆ ಮೊದಲಿನಿಂದ ಕೊನೆಯವರೆಗೆ ಹಡಗಿನ ಮೇಲೆಯೇ ನಡೆಯುವ, ಹಗ್ಗ ಎಳೆಯುವವನ ಕಣ್ಣಿನಿಂದ ಕಾಣುವ ಕನ್ನಡ ಕಾದಂಬರಿಯೊಂದು ನನ್ನ ಓದಿಗೆ ಸಿಕ್ಕಿಲ್ಲ. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ನಾವಿಕ

ನಮಸ್ಕಾರ. ನಾನು ಸರಕು ಹಡಗುಗಳಲ್ಲಿ ಡೆಕ್ ಅಧಿಕಾರಿಯಾಗಿ ದುಡಿದು ನಿವೃತ್ತನಾದವನು. ನಾನು ದುಡಿದದ್ದೆಲ್ಲ ಎಂಜಿನಿನ ಹಡಗುಗಳಲ್ಲಿ. ಹಾಯಿಹಡಗನ್ನು ನಾನೂ ನಿಮ್ಮಂತೆ ಪುಸ್ತಕಗಳಿಂದಲೇ ಬಲ್ಲೆ. ಆದರೆ ಹಡಗಿನ ಬದುಕು ಎಂಥದ್ದೆಂಬುದು ನನಗೆ ಗೊತ್ತಿರುವುದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸಲು ಧೈರ್ಯ ಮಾಡುತ್ತಿದ್ದೇನೆ.

ಹಡಗಿನಿಂದ ಎದ್ದು ಹೊರಗೆ ಹೋಗುವಂತಿಲ್ಲ. ಊರಿನಲ್ಲಿ ಇಬ್ಬರು ಜಗಳವಾಡಿದರೆ ಒಬ್ಬನು ಬಾಗಿಲು ದಾಟಿ ಬೀದಿಗಿಳಿಯುತ್ತಾನೆ; ಮೇಲಧಿಕಾರಿ ಸರಿಯಿಲ್ಲದಿದ್ದರೆ ರಜೆ ಹಾಕುತ್ತಾನೆ. ಸಮುದ್ರದಲ್ಲಿ ಜಗಳವಾಡಿದವರಿಬ್ಬರೂ ನಾಲ್ಕು ಗಂಟೆಗಳ ಪಾಳಿಯನ್ನು ಒಟ್ಟಿಗೆ ನಿಂತು ಮುಗಿಸಬೇಕು ಮತ್ತು ಅವರ ಜೀವ ಒಬ್ಬರದು ಇನ್ನೊಬ್ಬರ ಕೈಯಲ್ಲಿರುತ್ತದೆ. ಕಾದಂಬರಿಕಾರನೊಬ್ಬ ಬಹಳ ಶ್ರಮಪಟ್ಟು ಕಟ್ಟಬೇಕಾದ ಸನ್ನಿವೇಶವನ್ನು ಹಡಗು ತಾನಾಗಿಯೇ ಒದಗಿಸುತ್ತದೆ.

ಕಾನ್ರಾಡ್‌ನ ಉದಾಹರಣೆಯನ್ನೇ ತೆಗೆದುಕೊಳ್ಳಿ. 1857ರಲ್ಲಿ ಪೋಲಿಷ್ ಮನೆತನದಲ್ಲಿ ಹುಟ್ಟಿದ ಈತ 1874ರಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ಮಾರ್ಸೇಲ್ಸ್ ಬಂದರಿಗೆ ಹೋಗಿ ಸಮುದ್ರದ ಕೆಲಸಕ್ಕೆ ಇಳಿದನು. 1886ರಲ್ಲಿ ಬ್ರಿಟಿಷ್ ವ್ಯಾಪಾರಿ ಹಡಗುಗಳ ಕಪ್ತಾನನಾಗುವ ಅರ್ಹತಾಪತ್ರವನ್ನು ಪಡೆದನು. 1894ರಲ್ಲಿ ಆ ಬದುಕನ್ನು ಬಿಟ್ಟು ಮರುವರ್ಷ ಮೊದಲ ಕಾದಂಬರಿಯನ್ನು ಪ್ರಕಟಿಸಿದನು. 1884ರಲ್ಲಿ ಈತ ಬೊಂಬಾಯಿಯಲ್ಲಿ ‘ನಾರ್ಸಿಸಸ್’ ಎಂಬ ಹಾಯಿಹಡಗನ್ನು ಸೆಕೆಂಡ್ ಮೇಟ್ (ಕಪ್ತಾನನ ಕೈಕೆಳಗಿನ ಅಧಿಕಾರಿ) ಆಗಿ ಸೇರಿ, ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಫ್ರಾನ್ಸಿನ ಡನ್‌ಕರ್ಕ್ ಬಂದರಿಗೆ ಹೋದನು. ಆ ಪ್ರಯಾಣದಿಂದ ಹುಟ್ಟಿದ, 1897ರಲ್ಲಿ ಬೆಳಕು ಕಂಡ ಕಾದಂಬರಿ ಬೊಂಬಾಯಿ ಬಂದರಿನಲ್ಲಿ, ನಾವಿಕರ ಹೆಸರು ಕೂಗುವ ರಾತ್ರಿಯಲ್ಲಿ ಆರಂಭವಾಗುತ್ತದೆ. ಅದರಲ್ಲಿ ಜೇಮ್ಸ್ ವೇಟ್ ಎಂಬ ನಾವಿಕ ತಾನು ಸಾಯುತ್ತಿದ್ದೇನೆಂದು ಹೇಳಿ ಮಲಗಿಬಿಡುತ್ತಾನೆ. ಅವನ ಕಾಯಿಲೆ ನಿಜವೋ ನಟನೆಯೋ ಎಂಬುದನ್ನು ಬಲ್ಲವರಿಲ್ಲ. ಅವನನ್ನು ಕನಿಕರಿಸಬೇಕೋ ಗದರಿಸಬೇಕೋ ತಿಳಿಯದೆ ಇಡೀ ತಂಡವೇ ಒಳಗೊಳಗೆ ಕೊಳೆಯತೊಡಗುತ್ತದೆ. ಬಿರುಗಾಳಿಗೆ ಸಿಕ್ಕಿ ಹಡಗು ಪಕ್ಕಕ್ಕೆ ಮಗುಚಿಕೊಂಡಾಗ ನಾವಿಕರು ಹಾಯಿ ಕಟ್ಟುವ ಕೂವೆಮರಗಳನ್ನು ಕಡಿದುಹಾಕಲು ಕೂಗುತ್ತಾರೆ, ಕಪ್ತಾನ ಒಪ್ಪುವುದಿಲ್ಲ. ಕಡಿದರೆ ಹಡಗು ಎದ್ದೀತು, ಆದರೆ ಆಮೇಲೆ ಅದನ್ನು ನಡೆಸಲು ಏನೂ ಉಳಿಯುವುದಿಲ್ಲ. ಸಿಂಗಲ್ಟನ್ ಎಂಬ ಮುದುಕ ಮೂವತ್ತು ಗಂಟೆಗಳಿಗೂ ಹೆಚ್ಚು ಕಾಲ ಚುಕ್ಕಾಣಿಯನ್ನು ಬಿಡದೆ ನಿಲ್ಲುತ್ತಾನೆ. ಅವನ ಬಗ್ಗೆ ಕಾನ್ರಾಡ್ ಹೇಳುವುದು ಇಷ್ಟೇ: ಅವನು ಜಾಗರೂಕತೆಯಿಂದ ಚುಕ್ಕಾಣಿ ಹಿಡಿದಿದ್ದನು. ಶೌರ್ಯದ ಒಂದು ಮಾತೂ ಇಲ್ಲ. ಹಡಗಿನಲ್ಲಿ ದುಡಿದವರಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಬೇಕಾಗುವುದಿಲ್ಲ.

ಇನ್ನು ನೀವು ಹೇಳಿದ, ಹಡಗು ಚಲಿಸದ ಪುಸ್ತಕದ ವಿಷಯ. ನನ್ನ ದೃಷ್ಟಿಯಲ್ಲಿ ಹಾಯಿಹಡಗಿನ ಸಾಹಿತ್ಯದ ತಿರುಳು ಇರುವುದು ಅಲ್ಲಿಯೇ. ಮೊದಲ ಬಾರಿಗೆ ಕಪ್ತಾನನಾದ ಯುವಕನೊಬ್ಬ ಬ್ಯಾಂಕಾಕಿನಿಂದ ಹೊರಡುತ್ತಾನೆ. ಸಯಾಮ್ ಕೊಲ್ಲಿಯಲ್ಲಿ ಗಾಳಿ ಬಿದ್ದುಹೋಗುತ್ತದೆ. ನಾವಿಕರಿಗೆ ಒಬ್ಬೊಬ್ಬರಾಗಿ ಜ್ವರ ಬರುತ್ತದೆ. ಔಷಧಿಪೆಟ್ಟಿಗೆಯಲ್ಲಿ ಕ್ವಿನೈನ್ ಸಾಕಷ್ಟಿದೆ ಎಂಬ ಒಂದೇ ಭರವಸೆಯಲ್ಲಿ ಅವನು ದಿನ ತಳ್ಳುತ್ತಿರುವಾಗ, ಸೀಸೆಗಳಲ್ಲಿರುವುದು ಕ್ವಿನೈನ್ ಅಲ್ಲ, ಕೆಲಸಕ್ಕೆ ಬಾರದ ಬೇರೆ ಯಾವುದೋ ಪುಡಿ ಎಂಬುದು ಗೊತ್ತಾಗುತ್ತದೆ. ಹಿಂದಿನ ಕಪ್ತಾನ ಅದನ್ನು ಮಾರಿಕೊಂಡಿದ್ದನು. ಈ ಘಟ್ಟದಲ್ಲಿ ಯುವಕ ಮಾಡಬಹುದಾದದ್ದು ಏನೂ ಇಲ್ಲ. ಓಡಿಹೋಗುವಂತಿಲ್ಲ, ಹೋರಾಡಲು ಶತ್ರುವಿಲ್ಲ, ಯಾರನ್ನು ಬೈದರೂ ಗಾಳಿ ಬೀಸುವುದಿಲ್ಲ. ಎಲ್ಲ ಸಿದ್ಧತೆಯನ್ನೂ ಮಾಡಿಟ್ಟುಕೊಂಡು, ಫಲ ತನ್ನ ಕೈಯಲ್ಲಿಲ್ಲವೆಂದು ತಿಳಿದೂ ಎಚ್ಚರವಾಗಿರಬೇಕಾದ ಈ ಸ್ಥಿತಿ ಮಳೆಗೆ ಕಾಯುವ ನಿಮ್ಮ ಊರಿನ ರೈತನಿಗೆ ಹೊಸದೇನಲ್ಲವೆಂದು ಭಾವಿಸುತ್ತೇನೆ. ಕಾನ್ರಾಡ್ 1888ರಲ್ಲಿ ಬ್ಯಾಂಕಾಕಿನಲ್ಲಿಯೇ ‘ಒಟಾಗೊ’ ಎಂಬ ಹಡಗಿನ ಹೊಣೆಯನ್ನು ವಹಿಸಿಕೊಂಡಿದ್ದನು. ಅನುಭವಕ್ಕೂ ಪುಸ್ತಕಕ್ಕೂ ನಡುವೆ ಸುಮಾರು ಮೂವತ್ತು ವರ್ಷಗಳ ಅಂತರವಿದೆ.

ಕನ್ನಡದಲ್ಲಿ ಇಂಥ ಕಾದಂಬರಿ ಏಕಿಲ್ಲವೆಂಬುದಕ್ಕೆ ನನ್ನ ಉತ್ತರ ಚಿಕ್ಕದು. ನಮ್ಮಲ್ಲಿ ಹಗ್ಗ ಹಿಡಿದ ಕೈ ಲೇಖನಿ ಹಿಡಿಯಲಿಲ್ಲ; ಲೇಖನಿ ಹಿಡಿದವರು ಹಡಗು ಹತ್ತಿದ್ದರೆ ಪ್ರಯಾಣಿಕರಾಗಿ ಹತ್ತಿದರು.

ಉತ್ತರ 2: ಹಳಗನ್ನಡದ ಮೇಷ್ಟರು

ನಾವಿಕರ ಮಾತಿನ ಕೊನೆಯ ವಾಕ್ಯವನ್ನು ನಾನು ಒಪ್ಪುತ್ತೇನಾದರೂ, ಅದು ಎಲ್ಲವನ್ನೂ ಹೇಳಿತೆಂದು ಒಪ್ಪಲಾರೆ. ಸಮುದ್ರ ನಮ್ಮ ಕಾವ್ಯದಲ್ಲಿ ಇಲ್ಲವೆಂದಲ್ಲ. ಅದು ಇರಲೇಬೇಕೆಂಬುದು ಕಟ್ಟಳೆಯೇ ಆಗಿತ್ತು. ಮಹಾಕಾವ್ಯದಲ್ಲಿ ಏನೇನು ವರ್ಣನೆಗಳಿರಬೇಕೆಂದು ಹೇಳುವ ದಂಡಿಯ ‘ಕಾವ್ಯಾದರ್ಶ’ ನಗರದ ನಂತರ ಹೆಸರಿಸುವುದು ಅರ್ಣವವನ್ನೇ, ಆಮೇಲೆ ಶೈಲ, ಋತು, ಚಂದ್ರೋದಯ, ಸೂರ್ಯೋದಯ. ಕನ್ನಡದ ಕವಿಗಳು ಈ ಅಷ್ಟಾದಶ ವರ್ಣನೆಗಳನ್ನು ನಿಷ್ಠೆಯಿಂದ ಪಾಲಿಸಿದರು. ಆದ್ದರಿಂದ ಸಮುದ್ರವನ್ನು ನೋಡಿರಲಿ ನೋಡದಿರಲಿ ಕವಿ ಅದನ್ನು ವರ್ಣಿಸಿದನು, ಮತ್ತು ವರ್ಣಿಸುವಾಗ ದಡದಲ್ಲಿಯೇ ನಿಂತಿದ್ದನು. ಅವನಿಗೆ ಸಮುದ್ರವೆಂದರೆ ಗಾಂಭೀರ್ಯದ ಅಳತೆಗೋಲು, ರತ್ನಗಳ ಭಂಡಾರ, ಚಂದ್ರನನ್ನು ಕಂಡು ಉಬ್ಬುವ ಜಲರಾಶಿ, ಕೆಲಸದ ಸ್ಥಳವಲ್ಲ.

‘ಕವಿರಾಜಮಾರ್ಗ’ ಕನ್ನಡನಾಡಿನ ಎಲ್ಲೆಯನ್ನು ಹೇಳುವುದು ಎರಡು ನದಿಗಳಿಂದ: ಕಾವೇರಿಯಿಂದ ಗೋದಾವರಿಯವರೆಗೆ. ಪಶ್ಚಿಮಕ್ಕೆ ಕಡಲಿದೆ ಎಂಬ ಮಾತು ಆ ಪದ್ಯದಲ್ಲಿ ಬರುವುದಿಲ್ಲ. ಇದರಿಂದ ಬಹಳ ದೊಡ್ಡ ತೀರ್ಮಾನಗಳನ್ನು ಎಳೆಯಬಾರದು, ಆದರೆ ಗಮನಿಸಬೇಕಾದ ಸಂಗತಿಯಂತೂ ಹೌದು. ರಾಮಾಯಣವನ್ನೇ ನೋಡಿ. ಕಥೆಯ ಇಡೀ ಭಾರ ನಿಂತಿರುವುದು ಸಮುದ್ರವನ್ನು ದಾಟುವುದರ ಮೇಲೆ. ಹನುಮಂತ ಹಾರಿ ದಾಟುತ್ತಾನೆ, ಸೇನೆ ಸೇತುವೆ ಕಟ್ಟಿ ದಾಟುತ್ತದೆ, ಮರಳುವಾಗ ಪುಷ್ಪಕವಿಮಾನವಿದೆ. ದೋಣಿಯೊಂದನ್ನು ಬಿಟ್ಟು ಉಳಿದ ಎಲ್ಲ ಉಪಾಯಗಳೂ ಅಲ್ಲಿವೆ! ದೋಣಿ ಬರುವುದು ಗಂಗೆಯನ್ನು ದಾಟುವಾಗ, ಗುಹನ ಪ್ರಸಂಗದಲ್ಲಿ.

ನಮ್ಮ ಭಕ್ತಿಸಾಹಿತ್ಯದಲ್ಲಿಯೂ ಇದೇ ಕ್ರಮವಿದೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ವೃತ್ತಿಯಿಂದ ದೋಣಿ ನಡೆಸುವವನು. ಪುರಂದರದಾಸರು ‘ಅಂಬಿಗ ನಾ ನಿನ್ನ ನಂಬಿದೆ’ ಎಂದು ಹಾಡುವಾಗ ಅವರ ಮುಂದಿರುವುದು ಒಂಬತ್ತು ಛಿದ್ರಗಳ ಹರಿಗೋಲು. ಹರಿಗೋಲು ತುಂಗಭದ್ರೆಯ ವಾಹನ, ಕಡಲಿನದಲ್ಲ. ಭವವನ್ನು ಸಾಗರವೆಂದು ಕರೆದರೂ ದಾಟುವ ಸಾಧನ ಹೊಳೆಯದೇ ಆಗಿರುತ್ತದೆ, ಏಕೆಂದರೆ ಮುಖ್ಯವಾದದ್ದು ಆಚೆಯ ದಡ. ಪಾಶ್ಚಾತ್ಯ ಹಡಗಿನ ಕಾದಂಬರಿಗೆ ಬೇಕಾದದ್ದು ನಡುನೀರಿನಲ್ಲಿ ತಂಗಿರುವ ಸ್ಥಿತಿ, ನಮ್ಮ ಭಕ್ತಿಪದಗಳಿಗೆ ಬೇಕಾದದ್ದು ಪಾರಾಗುವುದು. ಬೌಧಾಯನ ಧರ್ಮಸೂತ್ರವು ಪಾತಿತ್ಯಕ್ಕೆ ಕಾರಣವಾಗುವ ಕರ್ಮಗಳ ಪಟ್ಟಿಯಲ್ಲಿ ಸಮುದ್ರಯಾನವನ್ನು ಸೇರಿಸಿದೆ. ಅದು ಎಷ್ಟರ ಮಟ್ಟಿಗೆ ಆಚರಣೆಯಲ್ಲಿತ್ತೆಂಬುದು ಬೇರೆ ಚರ್ಚೆ. ಬರೆಯುವ ವರ್ಗದವರನ್ನು ಅದು ದಡದಲ್ಲಿ ಉಳಿಸಿತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೂ ಒಂದು ಅಪವಾದವನ್ನು ಹೇಳದೆ ಇರಲಾರೆ. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ನೌಕಾದಾಳಿಯನ್ನು ವರ್ಣಿಸುತ್ತಾನೆ. ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯ ಮೇಲೆ ಮದಗಜಗಳ ಹಿಂಡಿನಂಥ ನೂರಾರು ಹಡಗುಗಳು ಎರಗುತ್ತವೆ. ಆಗ ಮೋಡ ಕವಿದ ಆಕಾಶ ಸಮುದ್ರದಂತೆಯೂ ಸಮುದ್ರ ಆಕಾಶದಂತೆಯೂ ಕಾಣುತ್ತವೆ. ಭಾಷೆ ಸಂಸ್ಕೃತವಾದರೂ ಕಲ್ಲು ನಮ್ಮ ನಾಡಿನದು. ದಿಗಂತದ ಗೆರೆ ಅಳಿಸಿಹೋಗುವುದು ಕಡಲ ಮೇಲೆ ಮಳೆಮೋಡ ಇಳಿದಾಗ ನಿಜವಾಗಿ ಕಾಣುವ ನೋಟ. ಈ ಕವಿ ಅದನ್ನು ಕಣ್ಣಾರೆ ಕಂಡಿದ್ದನೆಂದು ನಂಬಲು ನನಗೆ ಆಸೆಯಾಗುತ್ತದೆ.

ಹೊಸಗನ್ನಡದಲ್ಲಿ ಎರಡು ಘಟನೆಗಳು ಮುಖ್ಯ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ಕಾರಿಹೆಗ್ಗಡೆಯ ಮಗಳು’ ಸ್ಕಾಟ್ಲೆಂಡಿನ ಕಡಲಚಾಚಿನ ಬಿರುಗಾಳಿಯನ್ನು ಶಾಲೆಯ ಮಕ್ಕಳ ಬಾಯಿಗೆ ತಂದಿತು. ಆಮೇಲೆ 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹಡಗಿನಲ್ಲಿ ಹೋದ ವಿ.ಕೃ. ಗೋಕಾಕರು ‘ಸಮುದ್ರ ಗೀತೆಗಳು’ ಬರೆದರು. ಮುಕ್ತಛಂದದ ಕಡೆಗೆ ಕನ್ನಡ ಕಾವ್ಯ ಇಟ್ಟ ಮೊದಲ ಹೆಜ್ಜೆಗಳಲ್ಲಿ ಈ ಸಂಕಲನವನ್ನು ಎಣಿಸುತ್ತಾರೆ. ಷಟ್ಪದಿಯ ಲೆಕ್ಕಕ್ಕೆ ಸಿಗದ ಅಲೆಯ ಏರಿಳಿತವೇ ಕವಿಯನ್ನು ಸಡಿಲವಾದ ಸಾಲುಗಳತ್ತ ತಳ್ಳಿತೆಂಬ ಊಹೆ ತೀರ ನಿರಾಧಾರವೇನಲ್ಲ. ಅವರೂ ಪ್ರಯಾಣಿಕರೇ ಆಗಿದ್ದರೆಂಬುದನ್ನು ನಾವಿಕರು ನೆನಪಿಸಬಹುದು. ಆದರೆ ಪ್ರಯಾಣಿಕನ ಸಮುದ್ರವೂ ಸಮುದ್ರವೇ.

ಉತ್ತರ 3: ಪಡುಕರೆಯವ

ಮೇಲಿನ ಇಬ್ಬರು ಹಿರಿಯರಿಗೂ ವಂದನೆಗಳು. ನಾನು ಉಡುಪಿ ಜಿಲ್ಲೆಯ ಮೀನುಗಾರರ ಮನೆಯವನು. ನಾನು ಕಡಲಿಗೆ ಹೋಗಿ ದುಡಿಯುವವನಲ್ಲವಾದರೂ ನನ್ನ ಅಜ್ಜ, ತಂದೆ, ಮಾವಂದಿರು ಹೋದವರು. ‘ಹಗ್ಗ ಹಿಡಿದ ಕೈ ಲೇಖನಿ ಹಿಡಿಯಲಿಲ್ಲ’ ಎಂಬುದು ಸತ್ಯ. ಆದರೆ ಬರೆಯದಿದ್ದವರು ಹೇಳಲೂ ಇಲ್ಲ ಎಂದು ಅರ್ಥ ಮಾಡಬಾರದು.

ಮೀನುಗಾರ ಸಮುದಾಯದವರಾದ ಮೊಗವೀರರು ಆರಾಧಿಸುವ ಬೊಬ್ಬರ್ಯ ದೈವದ ಪಾಡ್ದನ, ಎಂದರೆ ಹಾಡಿ ಹೇಳುವ ಕಥನ, ತುಳುವಿನಲ್ಲಿದೆ. ಅದರ ಪ್ರಕಾರ ಅವನು ಮುಸ್ಲಿಂ ತಂದೆಗೂ ಜೈನ ತಾಯಿಗೂ ಹುಟ್ಟಿದ ಮಗ, ಹಡಗು ಕಟ್ಟಿ ವ್ಯಾಪಾರಕ್ಕೆ ಹೋದವನು, ಕಡಲಿನಲ್ಲಿಯೇ ಮಡಿದು ದೈವವಾದವನು. ಇಂದಿಗೂ ಕರಾವಳಿಯ ಊರೂರುಗಳಲ್ಲಿ ಅವನ ಗುಡಿಗಳಿವೆ; ಅವನಿಗೆ ಹರಕೆ ಹೇಳಿಕೊಂಡು ದೋಣಿ ಇಳಿಸುವವರಿದ್ದಾರೆ. ನೀರಿನ ಮೇಲೆ ಹೋಗಿ ಹಿಂದಿರುಗದ ವ್ಯಾಪಾರಿಯೊಬ್ಬನನ್ನು ನಾಯಕನನ್ನಾಗಿ ಮಾಡಿಕೊಂಡ ಕಥನ ಇದು. ಎರಡು ಧರ್ಮಗಳ ನಡುವೆ ಹುಟ್ಟಿದವನೇ ಕಡಲಿನ ಒಡೆಯನಾದದ್ದೂ ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ, ಬಂದರಿನ ಬದುಕು ಅಂಥದ್ದೇ ಆಗಿತ್ತು. ಮೇಷ್ಟರು ಹೇಳಿದ ಅಷ್ಟಾದಶ ವರ್ಣನೆಯ ಕವಿ ದಡದಲ್ಲಿ ನಿಂತಿದ್ದಾಗ ಈ ಕಥೆ ಹೇಳುವವರು ದೋಣಿಯಲ್ಲಿದ್ದರು.

ಕೆಲಸದ ಹಾಡುಗಳ ಮಾತು ಇನ್ನೂ ಬೇರೆ. ರಂಪಣಿ ಬಲೆಯೆಂದರೆ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಕಡಲನ್ನು ಅರ್ಧಚಂದ್ರಾಕಾರವಾಗಿ ಬಳಸಿ, ಇನ್ನೊಂದು ತುದಿಯನ್ನು ಮತ್ತೆ ದಡಕ್ಕೆ ತಂದು ಎರಡೂ ಕಡೆಯಿಂದ ಎಳೆಯುವ ಬಲೆ. ಅದನ್ನು ಎಳೆಯಲು ಹತ್ತಾರು ಜನ ಬೇಕು, ಎಲ್ಲರೂ ಒಂದೇ ಉಸಿರಿನಲ್ಲಿ ಎಳೆಯಬೇಕು. ಹಾಡೂ ಕೂಗೂ ಅಲ್ಲಿ ಅಲಂಕಾರವಲ್ಲ, ಉಪಕರಣ. ಯೂರೋಪಿನ ಹಾಯಿಹಡಗುಗಳಲ್ಲಿ ಲಂಗರು ಎತ್ತುವಾಗ ಹಾಡುತ್ತಿದ್ದರೆಂದು ಓದಿದ್ದೇನೆ. ಕಾರಣ ಒಂದೇ ಇರಬೇಕು. 1970ರ ದಶಕದಲ್ಲಿ ಯಂತ್ರದ ದೋಣಿಯೂ ಪರ್ಸೀನ್ ಬಲೆಯೂ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು, ಅದರೊಂದಿಗೆ ಆ ಹಾಡುಗಳೂ ಸರಿದವು. ಈಗ ಅಲ್ಲಲ್ಲಿ ಸಣ್ಣ ಕೈರಂಪಣಿ ಉಳಿದಿದೆ.

ಮುದ್ರಿತ ಸಾಹಿತ್ಯಕ್ಕೆ ಬಂದರೆ, ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಪ್ರಶ್ನೆ ಕೇಳಿದವರು ಇನ್ನೊಮ್ಮೆ ಓದಬೇಕು. ಹೆಸರಿನಲ್ಲಿ ಮಣ್ಣಿದ್ದರೂ ಒಂದು ಪಕ್ಕಕ್ಕೆ ಕಡಲು, ಇನ್ನೊಂದು ಪಕ್ಕಕ್ಕೆ ಹೊಳೆಯಿರುವ ಮರಳುದಿಬ್ಬದ ಬದುಕು ಅದು. ಮೂರು ತಲೆಮಾರುಗಳ ಕಥೆಯಲ್ಲಿ ಕಡಲಿನ ಮೊರೆತ ನಿಲ್ಲುವುದೇ ಇಲ್ಲ, ಆದರೆ ಅಲ್ಲಿಯ ಬ್ರಾಹ್ಮಣ ಕುಟುಂಬ ಕಡಲಿಗಿಳಿಯುವುದಿಲ್ಲ. ದಡದ ದೃಷ್ಟಿಯನ್ನು ಇಷ್ಟು ಪ್ರಾಮಾಣಿಕವಾಗಿ ಬರೆದ ಇನ್ನೊಂದು ಕನ್ನಡ ಕೃತಿಯನ್ನು ನಾನು ಕಾಣೆ. ಮಲಯಾಳದಲ್ಲಿ ತಕಳಿಯವರು 1956ರಲ್ಲಿ ‘ಚೆಮ್ಮೀನ್’ ಬರೆದಾಗ ಮೀನುಗಾರರ ಮನೆಯೊಳಗೆ ಹೋದರು. ದಡದಲ್ಲಿರುವ ಹೆಂಡತಿಯ ಶೀಲವೇ ಕಡಲಿಗೆ ಹೋದ ಗಂಡನನ್ನು ಕಾಯುತ್ತದೆ ಎಂಬ ನಂಬಿಕೆ ಎಷ್ಟು ಕ್ರೂರವಾದದ್ದೆಂಬುದನ್ನು ತೋರಿಸಿದರು. ಅದು ಕಡಲಿನ ಕಥೆಯೋ ದಡದ ಕಥೆಯೋ ಎಂದು ಕೇಳಿದರೆ ಎರಡೂ ಎನ್ನಬೇಕು. ಗಂಡಸರಷ್ಟೇ ಇರುವ ಹಡಗಿನ ಕಾದಂಬರಿಗಳು ಈ ಅರ್ಧವನ್ನು ಪೂರ್ತಿಯಾಗಿ ಬಿಟ್ಟುಬಿಡುತ್ತವೆ. ನಾವಿಕರು ಹೇಳಿದ ‘ಎದ್ದು ಹೊರಗೆ ಹೋಗುವಂತಿಲ್ಲ’ ಎಂಬ ಸ್ಥಿತಿ ದಡದಲ್ಲಿ ಕಾಯುವವರದ್ದೂ ಹೌದು.

ಮನೆಯವರು ಕಡಲಿಗೆ ಹೋಗುವ ಕುಟುಂಬದಲ್ಲಿ ಸಮುದ್ರದ ಬಗ್ಗೆ ಹಂಬಲದ ಮಾತು ನಾನು ಕೇಳಿದ್ದು ಕಡಿಮೆ. ಗಾಳಿ ಯಾವ ಕಡೆಯಿಂದ, ಅಳಿವೆಯಲ್ಲಿ ಹೂಳು ಎಷ್ಟು, ಡೀಸೆಲ್ಲಿಗೆ ಎಷ್ಟಾಯಿತು ಎಂಬುದೇ ಮಾತು.

ಉತ್ತರ 4: ಗ್ರಂಥಾಲಯದ ಮೂಲೆಯಿಂದ

ಪಡುಕರೆಯವರ ಕೊನೆಯ ಮಾತಿನಿಂದ ನಾನು ಆರಂಭಿಸುತ್ತೇನೆ, ಏಕೆಂದರೆ ಈ ಸಾಹಿತ್ಯದ ಆಕರ್ಷಣೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಹಾಯಿಹಡಗಿನ ಮಹತ್ವದ ಪುಸ್ತಕಗಳು ಯಾವಾಗ ಬಂದವೆಂಬುದನ್ನು ಗಮನಿಸಿ. ‘ಮೋಬಿ ಡಿಕ್’ ಬಂದದ್ದು 1851ರಲ್ಲಿ. ಎಂಟು ವರ್ಷಗಳ ನಂತರ ಪೆನ್ಸಿಲ್ವೇನಿಯಾದಲ್ಲಿ ನೆಲದಿಂದ ಎಣ್ಣೆ ತೆಗೆದರು, ದೀಪಕ್ಕಾಗಿ ತಿಮಿಂಗಿಲವನ್ನು ಕೊಲ್ಲುವ ಉದ್ಯಮ ಇಳಿಮುಖವಾಯಿತು. ಸೂಯೆಜ್ ಕಾಲುವೆ 1869ರಲ್ಲಿ ತೆರೆಯಿತು. ಅದರಿಂದ ಲಾಭವಾದದ್ದು ಗಾಳಿಯನ್ನು ನಂಬದ ಉಗಿಹಡಗುಗಳಿಗೆ. ಕಾನ್ರಾಡ್ ಸಮುದ್ರಕ್ಕಿಳಿದದ್ದು ಅದಾದ ಐದು ವರ್ಷಗಳ ಮೇಲೆ, ಎಂದರೆ ಹಾಯಿಯ ಕಾಲ ಮುಳುಗುತ್ತಿದ್ದಾಗ. ಅವನ ಬರಹದ ಘನತೆಗೆ ಈ ಅಸ್ತಮಾನದ ಬೆಳಕೂ ಒಂದು ಕಾರಣ. ಹಾಯಿಹಡಗು ಮಾಮೂಲಿ ಸಾರಿಗೆಯಾಗಿದ್ದಾಗ ಅದರ ಮೇಲಿದ್ದ ಬಹುಪಾಲು ಜನ ಅಲ್ಲಿಂದ ಯಾವಾಗ ಇಳಿದೇವೆಂದು ಕಾಯುತ್ತಿದ್ದರು. ಸ್ವತಃ ಮೆಲ್ವಿಲ್ 1841ರ ಜನವರಿಯಲ್ಲಿ ‘ಅಕುಶ್ನೆಟ್’ ಎಂಬ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಹೊರಟವನು ಮರುವರ್ಷ ಮಾರ್ಕೇಸಸ್ ದ್ವೀಪಗಳಲ್ಲಿ ಅದನ್ನು ಬಿಟ್ಟು ಓಡಿಹೋದನು.

ರಿಚರ್ಡ್ ಹೆನ್ರಿ ಡೇನಾ ಎಂಬ ಹಾರ್ವರ್ಡ್ ವಿದ್ಯಾರ್ಥಿ 1834ರಲ್ಲಿ ಬಾಸ್ಟನ್ನಿನಿಂದ ಸಾಮಾನ್ಯ ನಾವಿಕನಾಗಿ ಹೊರಟು, 1840ರಲ್ಲಿ ಪ್ರಕಟಿಸಿದ ಅನುಭವಕಥನದಲ್ಲಿ ಕಪ್ತಾನನೊಬ್ಬ ನಾವಿಕರನ್ನು ಕಟ್ಟಿಹಾಕಿ ಚಾವಟಿಯಿಂದ ಹೊಡೆಯುವ ದೃಶ್ಯವಿದೆ. ಆ ಪುಟಗಳನ್ನು ಓದಿದ ಮೇಲೆ ನಾವಿಕರು ಹೇಳಿದ ಕೆಲಸದ ಘನತೆ ಎಂಬ ಮಾತು ನನ್ನ ಗಂಟಲಿನಲ್ಲಿ ಇಳಿಯುವುದಿಲ್ಲ. ಎದ್ದು ಹೋಗಲಾಗದ ಸ್ಥಳ ಕಾದಂಬರಿಗೆ ಎಷ್ಟು ಅನುಕೂಲವೋ ದಬ್ಬಾಳಿಕೆಗೂ ಅಷ್ಟೇ ಅನುಕೂಲ.

ಇನ್ನೊಂದು ಮಾತು. 1880ರಲ್ಲಿ ‘ಜೆಡ್ಡಾ’ ಎಂಬ ಉಗಿಹಡಗು ಸುಮಾರು 950 ಹಜ್ ಯಾತ್ರಿಕರನ್ನು ಹೊತ್ತು ಹೋಗುತ್ತಿದ್ದಾಗ ನೀರು ನುಗ್ಗಿತು. ಕಪ್ತಾನನೂ ಅಧಿಕಾರಿಗಳೂ ಯಾತ್ರಿಕರನ್ನು ಬಿಟ್ಟು ದೋಣಿಯಲ್ಲಿ ಪರಾರಿಯಾಗಿ ಏಡನ್ ತಲುಪಿದರು, ಹಡಗು ಮುಳುಗಿತೆಂದು ಹೇಳಿದರು. ಮುಳುಗಿರಲಿಲ್ಲ, ಇನ್ನೊಂದು ಹಡಗು ಅದನ್ನು ಎಳೆದುಕೊಂಡು ಅದೇ ಏಡನ್ನಿಗೆ ತಂದು ನಿಲ್ಲಿಸಿತು. ಕಾನ್ರಾಡ್‌ನ ‘ಲಾರ್ಡ್ ಜಿಮ್’ (1900) ಈ ಘಟನೆಯನ್ನು ಆಧರಿಸಿದೆ. ಓಡಿಹೋದ ಒಬ್ಬ ಯುವಕನ ಆತ್ಮಸಾಕ್ಷಿಯನ್ನು ಕಾನ್ರಾಡ್ ನೂರಾರು ಪುಟ ಅಗೆಯುತ್ತಾನೆ, ಅದ್ಭುತವಾಗಿ ಅಗೆಯುತ್ತಾನೆ. ಆದರೆ ಹಡಗಿನ ಹೊಟ್ಟೆಯಲ್ಲಿ ಮಲಗಿದ್ದ ಆ ನೂರಾರು ಯಾತ್ರಿಕರಲ್ಲಿ ಒಬ್ಬನಿಗೂ ಹೆಸರಿಲ್ಲ. ಬ್ರಿಟಿಷ್ ಹಡಗುಗಳಲ್ಲಿ ದುಡಿದ ಭಾರತದ ಲಸ್ಕರ್‌ಗಳ ಗತಿಯೂ ಇದೇ. ಅವರಿಗೆ ಹಿಂದುಸ್ತಾನಿಯಲ್ಲಿ ಆಜ್ಞೆ ಕೊಡಲು ಅಧಿಕಾರಿಗಳಿಗೆ ನೆರವಾಗಲೆಂದು ಥಾಮಸ್ ರೋಬಕ್ 1811ರಲ್ಲಿ ನೌಕಾ ನಿಘಂಟನ್ನೇ ತಂದನು. ಎಂದರೆ ಅವರಿಲ್ಲದೆ ಹಡಗು ನಡೆಯುತ್ತಿರಲಿಲ್ಲ. ಆದರೆ ಅವರು ಕಥೆಯ ನಡುವೆ ಬಂದು ನಿಲ್ಲಲು ಅಮಿತಾವ್ ಘೋಷ್‌ರ ‘ಸೀ ಆಫ್ ಪಾಪೀಸ್’ (2008) ತನಕ ಕಾಯಬೇಕಾಯಿತು ಎಂದರೆ ಹೆಚ್ಚೇನೂ ಅತಿಶಯೋಕ್ತಿಯಲ್ಲ. ಅದೇ ಲೇಖಕರು ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಕೃತಿಯಲ್ಲಿ ಹನ್ನೆರಡನೆಯ ಶತಮಾನದ ಮಂಗಳೂರಿನಲ್ಲಿ ನೆಲೆಸಿದ್ದ ಬೆನ್ ಯಿಜು ಎಂಬ ಯೆಹೂದಿ ವರ್ತಕನ ಮತ್ತು ಅವನ ಆಳು ಬೊಮ್ಮನ ಜಾಡನ್ನು ಕೈರೋದಲ್ಲಿ ಉಳಿದ ಕಾಗದಪತ್ರಗಳಿಂದ ಹಿಡಿದರು. ನಮ್ಮ ಕಡಲಿನ ಕಥೆ ನಮ್ಮಲ್ಲಿ ಉಳಿಯದೆ ಕೈರೋದಲ್ಲಿ ಉಳಿದದ್ದು ವಿಚಿತ್ರ.

ಮರುಪ್ರಶ್ನೆ: ಬಯಲುಸೀಮೆಯ ಓದುಗ

ಎಲ್ಲರಿಗೂ ಕೃತಜ್ಞತೆಗಳು. ನಾವಿಕರಲ್ಲಿ ಒಂದು ಸಂದೇಹ. ಹಗ್ಗ ಹಿಡಿದವರೇ ಬರೆದದ್ದರಿಂದ ಈ ಸಾಹಿತ್ಯ ಗಟ್ಟಿಯಾಯಿತೆಂದು ನಿಮ್ಮ ವಾದದ ಧ್ವನಿ. ಹಾಗಾದರೆ ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಮುದಿ ನಾವಿಕನ ಕವನವನ್ನು ಏನೆನ್ನಬೇಕು? 1798ರಲ್ಲಿ ಅದು ಅಚ್ಚಾಗುವ ತನಕ ಆತ ಸಮುದ್ರಯಾನ ಮಾಡಿರಲಿಲ್ಲವಲ್ಲ.

ಉತ್ತರ 5: ನಿವೃತ್ತ ನಾವಿಕ

ನಿಮ್ಮ ಸಂದೇಹ ನ್ಯಾಯವಾದದ್ದು. ಕೋಲ್‌ರಿಜ್ ಹಗ್ಗ ಹಿಡಿಯಲಿಲ್ಲ, ಆದರೆ ಹಿಡಿದವರ ಪುಸ್ತಕಗಳನ್ನು ಬಿಡದೆ ಓದಿದ್ದನು. ಕವನದ ಕೇಂದ್ರದಲ್ಲಿರುವ ಆಲ್ಬಟ್ರಾಸ್ ಹಕ್ಕಿಯ ಕೊಲೆ ಬಂದದ್ದು ಕಪ್ತಾನ ಶೆಲ್ವಾಕ್ 1726ರಲ್ಲಿ ಪ್ರಕಟಿಸಿದ ಪ್ರಯಾಣಕಥನದಿಂದ. ಗಾಳಿ ವಿರುದ್ಧವಾಗಿದ್ದುದರಿಂದ ಮಂಕಾಗಿದ್ದ ಹ್ಯಾಟ್ಲಿ ಎಂಬ ಅಧಿಕಾರಿ, ಹಡಗಿನ ಹಿಂದೆ ಬರುತ್ತಿದ್ದ ಕಪ್ಪು ಹಕ್ಕಿಯನ್ನು ಅಪಶಕುನವೆಂದು ಭಾವಿಸಿ ಗುಂಡಿಕ್ಕಿದನು. ಅದನ್ನು ಕೋಲ್‌ರಿಜ್‌ಗೆ ಸೂಚಿಸಿದವನು ವರ್ಡ್ಸ್‌ವರ್ತ್. ಮೆಲ್ವಿಲ್‌ನ ವಿಷಯದಲ್ಲಿಯೂ ಹೀಗೆಯೇ: 1820ರ ನವೆಂಬರಿನಲ್ಲಿ ‘ಎಸೆಕ್ಸ್’ ಹಡಗನ್ನು ತಿಮಿಂಗಿಲವೊಂದು ಗುದ್ದಿ ಮುಳುಗಿಸಿತು, ಬದುಕಿ ಬಂದ ಮೇಟ್ ಓವನ್ ಚೇಸ್ ಅದನ್ನು ಬರೆದನು, ಚೇಸ್‌ನ ಮಗನೇ ನಡುಸಮುದ್ರದಲ್ಲಿ ಮೆಲ್ವಿಲ್‌ಗೆ ಆ ಪುಸ್ತಕವನ್ನು ಕೊಟ್ಟನು. ಆದ್ದರಿಂದ ನನ್ನ ಮಾತನ್ನು ಹೀಗೆ ಬಿಡಿಸಿ ಹೇಳುತ್ತೇನೆ: ಕವಿಯೇ ನಾವಿಕನಾಗಿರಬೇಕೆಂದಿಲ್ಲ, ನಾವಿಕನ ಮಾತು ಬರಹಕ್ಕಿಳಿದು ಕವಿಯ ಕೈಗೆ ಸಿಗುವಂತಿರಬೇಕು. ಇಂಗ್ಲಿಷಿನಲ್ಲಿ ಅಂಥ ಪ್ರಯಾಣಕಥನಗಳ ರಾಶಿಯೇ ಇತ್ತು. ನಮ್ಮಲ್ಲಿ ಪಡುಕರೆಯವರು ಹೇಳಿದ ಪಾಡ್ದನ ತುಳುವಿನಲ್ಲಿತ್ತು, ಕವಿಗಳು ಬೇರೆ ಕಡೆ ಇದ್ದರು.

ಚಾವಟಿಯ ವಿಷಯದಲ್ಲಿ ಗ್ರಂಥಾಲಯದವರು ಹೇಳಿದ್ದನ್ನು ಅಲ್ಲಗಳೆಯಲಾರೆ. ಆದರೆ ಆ ಕ್ರೌರ್ಯವನ್ನು ಬಯಲಿಗೆ ತಂದದ್ದೂ ಇದೇ ಸಾಹಿತ್ಯ. ಡೇನಾ ಮುಂದೆ ವಕೀಲನಾಗಿ ನಾವಿಕರ ಪರವಾಗಿ ವಾದಿಸಿದನು. ಮೆಲ್ವಿಲ್ 1850ರಲ್ಲಿ ಯುದ್ಧನೌಕೆಯ ಬದುಕಿನ ಕಾದಂಬರಿಯಲ್ಲಿ ಚಾವಟಿಯ ಶಿಕ್ಷೆಯನ್ನು ಖಂಡಿಸಿದನು. ಅದೇ ವರ್ಷ ಅಮೆರಿಕದ ಕಾಂಗ್ರೆಸ್ ಆ ಶಿಕ್ಷೆಯನ್ನು ರದ್ದುಗೊಳಿಸಿತು.

ಹಾಯಿ ಹಳೆಯ ನೆನಪಷ್ಟೇ ಆಗಿದೆಯೆಂಬುದನ್ನು ಮಾತ್ರ ಒಪ್ಪುವುದಿಲ್ಲ. 1969ರಲ್ಲಿ ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿ ಬಂದ ಮೊದಲ ವ್ಯಕ್ತಿ ರಾಬಿನ್ ನಾಕ್ಸ್-ಜಾನ್‌ಸ್ಟನ್‌ರ ‘ಸುಹೈಲಿ’ ದೋಣಿಯನ್ನು ಬೊಂಬಾಯಿಯಲ್ಲಿ, ತೇಗದ ಮರದಿಂದ ಕಟ್ಟಿದ್ದರು. ಅವರು ಆ ಯಾನ ಮಾಡಿದ್ದು ಒಂದು ಪಂದ್ಯದಲ್ಲಿ. ಅದೇ ಪಂದ್ಯದಲ್ಲಿ ಗೆಲ್ಲುವ ಸಾಧ್ಯತೆಯಿದ್ದ ಫ್ರೆಂಚ್ ನಾವಿಕ ಮ್ವಾತೆಸಿಯೇ, ಮುಗಿಸಲು ಯೂರೋಪಿನ ಕಡೆ ತಿರುಗುವ ಬದಲು ಪೆಸಿಫಿಕ್ಕಿನ ಕಡೆಗೆ ಸಾಗಿಬಿಟ್ಟನು. ಸಮುದ್ರದಲ್ಲಿ ತಾನು ಸುಖವಾಗಿದ್ದೇನೆಂದು ಚೀಟಿ ಬರೆದು ಕವಣೆಯಿಂದ ಹಾದುಹೋಗುವ ಹಡಗಿನ ಮೇಲೆ ಎಸೆದನು. 2013ರಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅಂಥದ್ದೇ ಪ್ರದಕ್ಷಿಣೆಯನ್ನು ಪೂರೈಸಿದ ಮೊದಲ ಭಾರತೀಯರಾದರು. ಇವರೊಂದಿಗೆ ಜಗಳವಾಡಲು ಯಾರೂ ಇರಲಿಲ್ಲವಾದ್ದರಿಂದ ನನ್ನ ಮೊದಲ ವಾದ ಇಲ್ಲಿ ಪೂರ್ತಿಯಾಗಿ ನಿಲ್ಲುವುದಿಲ್ಲ. ಗಾಳಿಗೆ ಕಾಯುವ ಎರಡನೆಯ ವಾದ ನಿಲ್ಲುತ್ತದೆ.

ಮುಂದೇನು ಓದಬೇಕೆಂದು ನೀವು ಕೇಳಿಲ್ಲವಾದರೂ ಹೇಳುತ್ತೇನೆ. ಡೇನಾನನ್ನು ಮೊದಲು ಓದಿ, ಆಮೇಲೆ ಮತ್ತೊಮ್ಮೆ ‘ಮೋಬಿ ಡಿಕ್’ಗೆ ಹೋಗಿ. ಈ ಸಲ ತಿಮಿಂಗಿಲಗಳನ್ನು ವರ್ಗೀಕರಿಸುವ ಮೂವತ್ತೆರಡನೆಯ ಅಧ್ಯಾಯವನ್ನೂ, ಹಡಗಿನ ಮೇಲೆಯೇ ಒಲೆ ಹೂಡಿ ಕೊಬ್ಬು ಕಾಯಿಸುವ ಅಧ್ಯಾಯವನ್ನೂ ಹಾರಿಸಬೇಡಿ. ಬಹುತೇಕ ಓದುಗರು ಅವನ್ನು ಹಾರಿಸಿ ಹಡಗಿನ ಕಪ್ತಾನ ಅಹಾಬನ ಹಿಂದೆ ಓಡುತ್ತಾರೆ. ಅಹಾಬನ ಹುಚ್ಚಿಗಾಗಿ ಆ ಜನ ಏನನ್ನು ಬಿಟ್ಟುಕೊಟ್ಟರೆಂಬುದು ಗೊತ್ತಾಗುವುದು ಅವರ ದಿನದ ಕೆಲಸವನ್ನು ಕಂಡಾಗ ಮಾತ್ರ.